ಬಾವಿ ತೋಡುವ ಹೊತ್ತು

ಜಿಲ್ಲಾ ಕೇಂದ್ರವೊಂದರಲ್ಲಿ ಒಂದು ಹಳೆಯ ಕಚೇರಿ. ಮಂಗಳೂರು ಹೆಂಚಿನ ಮಾಡು, ಎರಡಾಳೆತ್ತರದ ಗೋಡೆಗಳು, ಬಣ್ಣಗೆಟ್ಟ ಕಿಟಕಿಗಳು. ಮೃಗಶಿರಾ ಮಳೆ ಕಾಲಿಡುವ ದಿನ ಆ ಕಚೇರಿಯಲ್ಲಿ ವರ್ಷವರ್ಷವೂ ತಪ್ಪದೆ ಒಂದು ಶಾಸ್ತ್ರ ನಡೆಯುತ್ತಿತ್ತು. ಜವಾನನು ದಾಖಲೆ ಕೊಠಡಿಯ ಬೀಗ ತೆಗೆದು, ಮೂರು ತಗಡಿನ ಬಕೆಟ್ಟುಗಳನ್ನೂ ಒಂದು ಹಿತ್ತಾಳೆಯ ಬೋಗುಣಿಯನ್ನೂ ತಂದು ಅವುಗಳ ನಿಯತ ಸ್ಥಾನಗಳಲ್ಲಿ ಇಡುತ್ತಿದ್ದನು. ಸ್ಥಾನವನ್ನು ಹುಡುಕುವ ಶ್ರಮವೂ ಅವನಿಗೆ ಇರಲಿಲ್ಲ. ಹಿಂದಿನ ವರ್ಷಗಳ ಬಕೆಟ್ಟುಗಳು ನೆಲದ ಮೇಲೆ ದುಂಡನೆಯ ತುಕ್ಕಿನ ಗುರುತುಗಳನ್ನು ಬಿಟ್ಟು ಹೋಗಿದ್ದವು. ಗುರುತಿನ ಮೇಲೆ ಬಕೆಟ್ಟನ್ನಿಟ್ಟು, ಮೇಲೆ ಒಮ್ಮೆ ನೋಡಿ, ಬಾಗಿಲು ಹಾಕಿಕೊಂಡು ಬಂದರೆ ಆ ವರ್ಷದ ಮಳೆಗಾಲಕ್ಕೆ ಕಚೇರಿ ಸಿದ್ಧವಾದಂತೆ.

ಒಂದು ವರ್ಷ ಆರಿದ್ರಾ ಮಳೆ ಅಪರಾತ್ರಿಯಲ್ಲಿ ಹುಯ್ಯತೊಡಗಿತು. ಬಕೆಟ್ಟುಗಳು ತುಂಬಿ ಹರಿದವು. ರಾತ್ರಿಯ ಕಾವಲುಗಾರನು ಓಡಿಹೋಗಿ ತಿಳಿಸಲಾಗಿ, ಕಚೇರಿಯ ಮುಖ್ಯಾಧಿಕಾರಿಗಳು ಮಲಗಿದ್ದವರು ಎದ್ದು, ಪಂಚೆಯನ್ನು ಮೇಲೆತ್ತಿ ಕಟ್ಟಿ, ಟಾರ್ಚು ಹಿಡಿದು ಬಂದರು. ಹತ್ತಿರದ ಮನೆಗಳಲ್ಲಿದ್ದ ಗುಮಾಸ್ತರೆಲ್ಲರೂ ಕೂಡಿದರು. ಬೆಳಗಿನ ಜಾವದವರೆಗೆ ದಫ್ತರಗಳನ್ನು ಹೊತ್ತು ಹೊತ್ತು ಮೊಗಸಾಲೆಗೆ ಸಾಗಿಸಿದರು. ಸಾಹೇಬರೇ ಸ್ವತಃ ಹೆಗಲು ಕೊಟ್ಟರು ಎಂಬ ಸುದ್ದಿ ಊರಿನ ಪತ್ರಿಕೆಯಲ್ಲಿ ಚಿತ್ರಸಮೇತ ಪ್ರಕಟವಾಯಿತು. ಸ್ವಾತಂತ್ರ್ಯ ದಿನದ ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸಿ ಸನ್ಮಾನಿಸಿದರು. ಅವರು ಅದಕ್ಕೆ ಅರ್ಹರಲ್ಲವೆಂದು ಹೇಳುವುದು ಅನ್ಯಾಯ. ಆ ರಾತ್ರಿ ಅವರು ಪಟ್ಟ ಶ್ರಮ ನಿಜವಾದದ್ದು.

ಆದರೆ ಆ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಗುಮಾಸ್ತರೊಬ್ಬರ ಸಂಗತಿ ಯಾರಿಗೂ ತಿಳಿದಿರಲಿಲ್ಲ. ಅದೇ ವರ್ಷ ಮಾರ್ಚಿ ತಿಂಗಳಲ್ಲಿ ಅವರು ಒಂದು ಟಿಪ್ಪಣಿ ಬರೆದಿದ್ದರು: ದಾಖಲೆ ಕೊಠಡಿಯ ಮಾಡಿನ ಮೂಲೆಯಲ್ಲಿ ಸುಮಾರು ೪೦ ಹೆಂಚುಗಳು ಒಡೆದಿವೆ, ಮಳೆಗೆ ಮೊದಲೇ ಕೈಯಾಡಿಸುವುದು ಯುಕ್ತ. ಕಡತ ಮೇಲಕ್ಕೆ ಹೋಗಿ, ಹನ್ನೊಂದು ದಿನಗಳ ಮೇಲೆ ಕೆಳಗಿಳಿದಾಗ ಅದರ ಮೇಲೆ ಒಂದು ಷರಾ ಇತ್ತು. “ಸದ್ಯಕ್ಕೆ ನಷ್ಟವೇನೂ ಸಂಭವಿಸಿಲ್ಲವಾದ ಕಾರಣ ಕಡತದಲ್ಲಿ ಇಡುವುದು.” ಗುಮಾಸ್ತರು ಇಟ್ಟರು. ಆ ಕಡತವೂ ದಾಖಲೆ ಕೊಠಡಿಗೇ ಸೇರಿತು. ಆರಿದ್ರಾ ಮಳೆಯಲ್ಲಿ ಅದೂ ನೆನೆಯಿತು.

ಮಳೆ ನಿಂತ ಮೇಲೆ ವಿಚಾರಣೆ ನಡೆಯಿತು. ಇಂಥ ಕಚೇರಿಗಳಲ್ಲಿ ವಿಚಾರಣೆಗೆ ಯಾವಾಗಲೂ ಒಬ್ಬ ಮನುಷ್ಯ ಬೇಕು. ನಾಲ್ಕನೆಯ ಬಕೆಟ್ಟನ್ನು ಏಕೆ ಇಡಲಿಲ್ಲವೆಂದು ಜವಾನನಿಗೆ ಕಾರಣ ಕೇಳುವ ನೋಟೀಸು ಹೊರಟಿತು. ಕಚೇರಿಯಲ್ಲಿ ನಾಲ್ಕನೆಯ ಬಕೆಟ್ಟೇ ಇರಲಿಲ್ಲವೆಂದು ಅವನು ಉತ್ತರ ಬರೆಸಿಕೊಟ್ಟನು. ಕೂಡಲೇ ಒಂದು ಬಕೆಟ್ಟನ್ನು ಕೊಳ್ಳಲು ಮಂಜೂರಾತಿ ದೊರೆಯಿತು. ಅಲ್ಲಿಗೆ ಪ್ರಕರಣ ಮುಕ್ತಾಯವಾಯಿತೆಂದು ಎಲ್ಲರೂ ತಿಳಿದರು.

ಮುಕ್ತಾಯವಾಗಿರಲಿಲ್ಲ. ನವರಾತ್ರಿ ಕಳೆದ ಮೇಲೆ ಒಬ್ಬ ಹೆಣ್ಣುಮಗಳು, ಕಾಲೇಜು ಸೇರಿದ್ದ ಮಗಳೊಡನೆ ಕಚೇರಿಯ ಮೆಟ್ಟಲು ಹತ್ತಿದರು. ಇಪ್ಪತ್ತಾರು ವರ್ಷ ಸರ್ಕಾರದ ಚಾಕರಿ ಮಾಡಿ, ನಿವೃತ್ತಿಗೆ ಮುಂಚೆಯೇ ತೀರಿಕೊಂಡ ನೌಕರರೊಬ್ಬರ ಹೆಂಡತಿ ಆಕೆ. ಕುಟುಂಬ ಪಿಂಚಣಿಗೆ ಗಂಡನ ಸೇವಾಪುಸ್ತಕ ಬೇಕಾಗಿತ್ತು. ಪುಸ್ತಕ ಸಿಕ್ಕಿತು. ಬಿಡಿಸಿ ನೋಡಿದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಮಸಿ ಹರಡಿ, ಇಪ್ಪತ್ತಾರು ವರ್ಷಗಳ ಬರವಣಿಗೆ ನೀಲಿಯ ಕಲೆಯಾಗಿ ಉಳಿದಿತ್ತು. “ಮುಂದಿನ ತಿಂಗಳು ಬನ್ನಿ ತಾಯಿ, ಏನಾದರೂ ಮಾಡೋಣ” ಎಂದು ಗುಮಾಸ್ತರು ತಲೆ ತಗ್ಗಿಸಿಕೊಂಡು ಹೇಳಿದರು. ಆ ಮುಂದಿನ ತಿಂಗಳು ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ತಾಯಿಯ ಕೈಯ ಬಳೆಗಳು ಅಡವಿಗೆ ಹೋದವು; ಮಗಳ ಎರಡನೆಯ ವರ್ಷದ ಓದು ನಿಂತಿತು.

“ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದರು” ಎಂಬ ಗಾದೆಯನ್ನು ಕೇಳಿ ನಗದವರು ವಿರಳ. ಆದರೆ ಈ ಗಾದೆಯಲ್ಲಿ ಹೇಳದೆ ಬಿಟ್ಟ ಒಂದು ಅಂಶವಿದೆ. ಬೆಂಕಿ ಬಿದ್ದಾಗ ಬಾವಿ ತೋಡುವವನ ಸುತ್ತ ಜನ ಸೇರುತ್ತಾರೆ. ಅವನ ಬೆವರು ಕಾಣುತ್ತದೆ, ಗುದ್ದಲಿಯ ಸದ್ದು ಕೇಳುತ್ತದೆ. ಬೆಂಕಿ ಆರಿತೆಂದರೆ ಅವನೇ ಧೀರ. ಆರು ತಿಂಗಳ ಹಿಂದೆ, ಗಡ್ಡ ಇನ್ನೂ ನುಣುಪಾಗಿದ್ದಾಗ, ಒಬ್ಬನೇ ಬಾವಿ ತೋಡುತ್ತಿದ್ದವನನ್ನು ಕಂಡವರು “ಇವನಿಗೇನು ಬೇರೆ ಕೆಲಸವಿಲ್ಲವೆ?” ಎಂದು ಕೇಳಿ ಮುಂದೆ ಹೋಗುತ್ತಾರೆ. ಆದ ಅನಾಹುತದಿಂದ ಪಾರುಮಾಡಿದ್ದಕ್ಕೆ ಸಾಕ್ಷಿಯುಂಟು. ಆಗದಂತೆ ತಡೆದ ಅನಾಹುತಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು? ಮುಂದಾಲೋಚನೆಯ ಕಷ್ಟವೆಲ್ಲ ಇದರಲ್ಲಿ ಅಡಗಿದೆ. ಅದರ ಫಲ ಕಣ್ಣಿಗೆ ಕಾಣದು. ಅದರ ಅತ್ಯುನ್ನತ ಸಾಧನೆಯ ಹೆಸರೇ “ಏನೂ ಆಗಲಿಲ್ಲ” ಎಂಬುದು.

ಮನುಷ್ಯನಿಗೆ ಮುಂದಾಲೋಚನೆಯೇ ಇಲ್ಲವೆಂದು ಇದರಿಂದ ಯಾರೂ ತಿಳಿಯಬಾರದು. ಶಾಲು ಹೊದೆದ ಆ ಅಧಿಕಾರಿಗಳ ಮನೆಯನ್ನೇ ನೋಡಬಹುದು. ಚೈತ್ರದ ಬಿಸಿಲು ಬಿದ್ದೊಡನೆ ಅಲ್ಲಿ ಹಪ್ಪಳ ಸಂಡಿಗೆಗಳ ಕಾರ್ಯ ಆರಂಭವಾಗುತ್ತದೆ. ಹುಣಿಸೆಹಣ್ಣು ಬೀಜ ಕಳೆದುಕೊಂಡು, ಉಪ್ಪು ಬೆರೆಸಿಕೊಂಡು ಭರಣಿ ಸೇರುತ್ತದೆ. ತೊಗರಿಬೇಳೆಗೆ ಹುಳು ಬೀಳದಂತೆ ಹರಳೆಣ್ಣೆ ಸವರಿ ಬಿಸಿಲಿಗೆ ಹರಡುತ್ತಾರೆ. ಮಾವಿನ ಮಿಡಿ ಉಪ್ಪಿನಲ್ಲಿ ಮುರುಟುತ್ತದೆ. ಆಷಾಢದ ಒಂದು ರಾತ್ರಿ ಒಂಬತ್ತು ಗಂಟೆಗೆ, ಮಳೆಯಲ್ಲಿ ತೊಯ್ದ ನಾಲ್ವರು ನೆಂಟರು ಬಾಗಿಲು ತಟ್ಟಿದರೆ, ಅರ್ಧ ಗಂಟೆಯೊಳಗೆ ಅನ್ನ, ಸಾರು, ಕರಿದ ಸಂಡಿಗೆ, ಮಿಡಿ ಉಪ್ಪಿನಕಾಯಿ ಎಲೆಯ ಮೇಲೆ ಬರುತ್ತವೆ. ನೆಂಟರು ಮನೆಯಾಕೆಯ ಕೈಚಳಕವನ್ನು ಹೊಗಳುತ್ತಾರೆ. ನಿಜವಾಗಿ ಹೊಗಳಬೇಕಾದದ್ದು ಆ ಅರ್ಧ ಗಂಟೆಯನ್ನಲ್ಲ, ಮೂರು ತಿಂಗಳ ಹಿಂದಿನ ಬಿಸಿಲಿನಲ್ಲಿ ಕುಳಿತ ಮಧ್ಯಾಹ್ನಗಳನ್ನು.

ಮನೆಯಲ್ಲಿ ಸಾಧ್ಯವಾದದ್ದು ಕಚೇರಿಯಲ್ಲಿ ಏಕೆ ಸಾಧ್ಯವಾಗುವುದಿಲ್ಲ? ಕಾರಣವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಮನೆಯಲ್ಲಿ ಮುಂದಿನದನ್ನು ಕಾಣುವವರು, ಅದಕ್ಕೆ ಏರ್ಪಾಡು ಮಾಡುವವರು, ಮಾಡದಿದ್ದರೆ ಕಷ್ಟಪಡುವವರು ಬಹುಮಟ್ಟಿಗೆ ಒಬ್ಬರೇ. ಸಂಸ್ಥೆಯಲ್ಲಿ ಹಾಗಲ್ಲ. ಒಡೆದ ಹೆಂಚನ್ನು ಕಾಣುವವನು ಒಬ್ಬ. ಅಪ್ಪಣೆ ಕೊಡತಕ್ಕವನು ಇನ್ನೊಬ್ಬ. ಹಣದ ಚೀಲ ಹಿಡಿದವನು ಮೂರನೆಯವನು. ಕೊನೆಗೆ ನೋವುಣ್ಣುವವಳು ಆ ಕಟ್ಟಡದ ಒಳಗೆ ಎಂದೂ ಕಾಲಿಟ್ಟಿರದ ಒಬ್ಬ ತಾಯಿ. ಕಣ್ಣು ಒಂದು ಕಡೆ, ಕೈ ಒಂದು ಕಡೆ, ನೋವು ಇನ್ನೊಂದು ಕಡೆ ಇರುವ ದೇಹಕ್ಕೆ ಮುಳ್ಳು ಚುಚ್ಚಿದರೂ ತಿಳಿಯುವುದು ನಿಧಾನವೇ ಸರಿ.

ಕಚೇರಿಯ ಮಾತು ಸಣ್ಣದಾಯಿತು. ಒಂದು ಮಹಾನಗರವೇ ಈ ಪಾಠವನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿತ ಪ್ರಸಂಗವಿದೆ. ೧೯೦೮ರ ಸೆಪ್ಟೆಂಬರ್ ೨೮ರಂದು ಹೈದರಾಬಾದಿನ ಮೂಸಿ ನದಿ ದಡ ಮೀರಿ ಉಕ್ಕಿತು. ಸಾವಿರಾರು ಮನೆಗಳು ಕುಸಿದವು, ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಅಫಜಲಗಂಜಿನ ಆಸ್ಪತ್ರೆಯ ಆವರಣದಲ್ಲಿದ್ದ ಒಂದು ಹುಣಿಸೆಮರವನ್ನೇರಿ ಸುಮಾರು ೧೫೦ ಜನ ಜೀವ ಉಳಿಸಿಕೊಂಡರೆಂದು ಆ ಊರಿನವರು ಹೇಳುತ್ತಾರೆ. ಅಂದು ಆ ನಗರಕ್ಕೆ ಪ್ರವಾಹವನ್ನು ಎದುರಿಸಲು ಇದ್ದ ಏರ್ಪಾಡು ಒಂದು ಹುಣಿಸೆಮರ ಎಂದರೆ ಹೆಚ್ಚು ತಪ್ಪಾಗಲಾರದು.

ಮುಂಬಯಿ ಸರ್ಕಾರದ ಸೇವೆಯಿಂದ ನಿವೃತ್ತರಾಗಿ ವಿದೇಶ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ ನೆರವಿಗಾಗಿ ಕರೆಯಿತು. ೧೯೦೯ರಲ್ಲಿ ಅವರು ಹೈದರಾಬಾದಿಗೆ ಬಂದರು. ಆಗ ಊರಿನ ಕಣ್ಣೆಲ್ಲ ಹೊಳೆಯ ಮೇಲಿತ್ತು. ದಡದ ಗೋಡೆಯನ್ನು ಎತ್ತರಿಸಿ, ಬಿದ್ದ ಮನೆಗಳನ್ನು ಕಟ್ಟಿ, ಮುಂದಿನ ಪ್ರವಾಹಕ್ಕೆ ಗಟ್ಟಿಯಾಗಿ ನಿಂತುಕೊಳ್ಳುವುದು ಸಹಜವಾಗಿ ಎಲ್ಲರಿಗೂ ಹೊಳೆಯುವ ಉಪಾಯ. ವಿಶ್ವೇಶ್ವರಯ್ಯನವರು ಊರಿನಲ್ಲಿ ಹೊಳೆಯನ್ನು ನೋಡಿದಷ್ಟೇ ಎಚ್ಚರದಿಂದ, ಅದು ಊರಿಗೆ ಬರುವ ಮೊದಲಿನ ದಾರಿಯನ್ನು ನೋಡಿದರು. ಮೇಲಿನ ಸೀಮೆಯಲ್ಲಿ ನೂರಾರು ಸಣ್ಣಪುಟ್ಟ ಕೆರೆಗಳಿದ್ದವು. ಅಸಾಧಾರಣ ಮಳೆಗೆ ಅವುಗಳಲ್ಲಿ ಅನೇಕವು ಒಂದರ ಹಿಂದೆ ಒಂದು ಒಡೆದು, ಆ ನೀರೆಲ್ಲ ಒಟ್ಟಾಗಿ ನಗರದ ಮೇಲೆ ಎರಗಿತ್ತು. ರೋಗ ಕಂಡದ್ದು ನಗರದಲ್ಲಿ. ಹುಟ್ಟಿದ್ದು ಹಲವು ಮೈಲಿಗಳ ಆಚೆ. ನಗರಕ್ಕೆ ಮೇಲೆ ಮೂಸಿ ಮತ್ತು ಈಸಿ ನದಿಗಳಿಗೆ ಒಂದೊಂದು ಜಲಾಶಯ ಕಟ್ಟಿ, ಪ್ರವಾಹವನ್ನು ಅಲ್ಲಿಯೇ ಹಿಡಿದು ಮೆಲ್ಲಗೆ ಬಿಡಬೇಕೆಂದು ಅವರು ಸಲಹೆಯಿತ್ತರು. ಕಾರ್ಯ ನಿಧಾನವಾಗಿ ಸಾಗಿತು. ೧೯೨೦ರಲ್ಲಿ ಉಸ್ಮಾನ್ ಸಾಗರವೂ ೧೯೨೭ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಊರನ್ನು ಕೊಚ್ಚಿಕೊಂಡು ಹೋಗುತ್ತಿದ್ದ ನೀರೇ ಊರಿನ ನಲ್ಲಿಗಳಲ್ಲಿ ಕುಡಿಯುವ ನೀರಾಗಿ ಹರಿಯಿತು.

ಇದೇ ವಿಶ್ವೇಶ್ವರಯ್ಯನವರು ೧೯೦೩ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ್ದರು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಬಾಗಿಲು ತಾನಾಗಿ ತೆರೆಯುವುದು. ಮಟ್ಟ ಇಳಿದರೆ ತಾನಾಗಿ ಮುಚ್ಚಿಕೊಳ್ಳುವುದು. ಅಪರಾತ್ರಿಯಲ್ಲಿ ಯಾರೂ ಪಂಚೆ ಎತ್ತಿ ಕಟ್ಟಿ ಓಡಿಬರಬೇಕಾಗಿಲ್ಲ. ಎಚ್ಚರವಾಗಿರುವ ಮನುಷ್ಯನನ್ನು ನೆಚ್ಚುವುದಕ್ಕಿಂತ, ಎಚ್ಚರವನ್ನೇ ಏರ್ಪಾಡಿನೊಳಗೆ ಇಟ್ಟುಬಿಡುವುದು ಮೇಲೆಂಬುದು ಆ ಬಾಗಿಲುಗಳ ತತ್ತ್ವ.

ಈ ತತ್ತ್ವವನ್ನು ಒಂದು ಕಾರ್ಖಾನೆಯ ದಿನಚರಿಯನ್ನಾಗಿ ಮಾಡಿದವರು ಜಪಾನೀಯರು. ಸಾಕಿಚಿ ಟೊಯೋಡಾ ಎಂಬವರು ೧೯೨೪ರಲ್ಲಿ ಪೂರ್ಣಗೊಳಿಸಿದ ಮಗ್ಗವೊಂದು, ನೂಲು ಕಡಿದೊಡನೆ ತಾನಾಗಿ ನಿಲ್ಲುತ್ತಿತ್ತು. ಕಡಿದ ನೂಲಿನಲ್ಲಿ ಗಜಗಟ್ಟಲೆ ಹಾಳು ಬಟ್ಟೆ ನೇಯ್ದು, ಆಮೇಲೆ ಅದನ್ನು ಆರಿಸಿ ಎಸೆಯುವ ಕಷ್ಟ ತಪ್ಪಿತು. ಆ ಮನೆತನದವರು ಮುಂದೆ ಮೋಟಾರು ಗಾಡಿಗಳ ಕಾರ್ಖಾನೆ ತೆರೆದಾಗ ಇದೇ ಪದ್ಧತಿ ಅಲ್ಲಿಗೂ ಬಂದಿತು. ಸಾಲಿನಲ್ಲಿ ನಿಂತು ಕೆಲಸ ಮಾಡುವ ಯಾವ ಕೆಲಸಗಾರನೇ ಆಗಲಿ, ದೋಷ ಕಂಡರೆ ತಲೆಯ ಮೇಲಿನ ಹಗ್ಗವನ್ನು ಎಳೆಯಬಹುದು. ದೋಷ ಅಲ್ಲಿಯೇ ತೀರದಿದ್ದರೆ ಸಾಲು ನಿಲ್ಲುತ್ತದೆ. ಹಗ್ಗ ಎಳೆದವನನ್ನು ಗದರಿಸುವ ವಾಡಿಕೆಯಿಲ್ಲ. ಅವನ ಬಳಿಗೆ ಮೇಲ್ವಿಚಾರಕನು ಬಂದು, ಏನಾಯಿತೆಂದು ಕೇಳುತ್ತಾನೆ.

ಆ ಕಾರ್ಖಾನೆಯ ತಾಯಿಚಿ ಓನೋ ಎಂಬ ಎಂಜಿನಿಯರರು ತಮ್ಮವರಿಗೆ ಒಂದು ಸಣ್ಣ ಅಭ್ಯಾಸವನ್ನು ಕಲಿಸಿದರು. ಏನಾದರೂ ಕೆಟ್ಟರೆ “ಏಕೆ?” ಎಂದು ಐದು ಸಲ ಕೇಳಬೇಕು. ಅವರು ಕೊಡುತ್ತಿದ್ದ ಉದಾಹರಣೆ ಇದು. ಯಂತ್ರ ನಿಂತಿತು, ಏಕೆ? ಭಾರ ಹೆಚ್ಚಾಗಿ ಫ್ಯೂಸು ಸುಟ್ಟಿತು. ಭಾರ ಹೆಚ್ಚಿದ್ದೇಕೆ? ಬೇರಿಂಗಿಗೆ ಎಣ್ಣೆ ಸಾಲದೆ ಹೋಯಿತು. ಎಣ್ಣೆ ಸಾಲದ್ದೇಕೆ? ಎಣ್ಣೆಯ ಪಂಪು ಸರಿಯಾಗಿ ಎಳೆಯಲಿಲ್ಲ. ಎಳೆಯಲಿಲ್ಲವೇಕೆ? ಪಂಪಿನ ದಂಡ ಸವೆದಿತ್ತು. ಸವೆದದ್ದೇಕೆ? ಎಣ್ಣೆಯನ್ನು ಸೋಸುವ ಜಾಲರಿಯಿಲ್ಲದೆ ಲೋಹದ ಚೂರುಗಳು ಒಳಸೇರಿದ್ದವು. ಮೊದಲನೆಯ “ಏಕೆ”ಗೆ ನಿಂತವನು ಫ್ಯೂಸು ಬದಲಾಯಿಸುತ್ತಾನೆ. ಕೆಲವೇ ತಿಂಗಳಲ್ಲಿ ಮತ್ತೆ ಬದಲಾಯಿಸುತ್ತಾನೆ. ಐದನೆಯದರವರೆಗೆ ಹೋದವನು ಒಂದು ಜಾಲರಿ ಹಾಕಿಸಿ ನಿಶ್ಚಿಂತನಾಗುತ್ತಾನೆ.

ಹಳೆಯ ಹೆಂಚಿನ ಕಚೇರಿಗೆ ಮರುವರ್ಷ ವರ್ಗವಾಗಿ ಬಂದ ಮಹಿಳಾ ಅಧಿಕಾರಿಯೊಬ್ಬರು ಓನೋ ಅವರ ಹೆಸರನ್ನು ಕೇಳಿದ್ದರೋ ಇಲ್ಲವೋ. ಆದರೆ ಸೇವಾಪುಸ್ತಕವನ್ನು ಕಳೆದುಕೊಂಡ ಆ ತಾಯಿ ಅವರೆದುರು ಕುಳಿತು, ಅಳದೆ, ಬೇಡದೆ, “ನನ್ನ ತಪ್ಪೇನು ಅಂತ ಒಂದು ಮಾತು ಹೇಳಿಬಿಡಿ ಅಮ್ಮಾ” ಎಂದಾಗ ಅವರು ಕೇಳಿದ್ದು ಇಂಥ ಪ್ರಶ್ನೆಗಳನ್ನೇ. ಪುಸ್ತಕ ನೆನೆದದ್ದೇಕೆ? ಮಾಡು ಸೋರಿದ್ದರಿಂದ. ಸೋರಿದ್ದೇಕೆ? ಹೆಂಚು ಒಡೆದಿದ್ದರಿಂದ. ಹೆಂಚನ್ನು ಬದಲಾಯಿಸಲಿಲ್ಲವೇಕೆ? ಹಣ ಮಂಜೂರಾಗಲಿಲ್ಲ. ಮಂಜೂರಾಗಲಿಲ್ಲವೇಕೆ? ಮೇಲಿನ ಕಚೇರಿಗೆ ಕೋರಿಕೆಯೇ ಹೋಗಲಿಲ್ಲ. ಹೋಗಲಿಲ್ಲವೇಕೆ? ಇದಕ್ಕೆ ಗುಮಾಸ್ತರು ಮಾತಿನಲ್ಲಿ ಉತ್ತರ ಹೇಳದೆ, ದುರಸ್ತಿಯ ಕೋರಿಕೆಯ ನಮೂನೆಯನ್ನೇ ತಂದು ಮೇಜಿನ ಮೇಲಿಟ್ಟರು. ಅದರ ನಾಲ್ಕನೆಯ ಅಂಕಣದಲ್ಲಿ “ಸಂಭವಿಸಿದ ನಷ್ಟದ ವಿವರ” ಎಂದಿತ್ತು. ಆ ಅಂಕಣವನ್ನು ತುಂಬದ ಕೋರಿಕೆ ತಿರಸ್ಕೃತವಾಗುವುದೆಂದು ಕೆಳಗೆ ಸೂಚನೆಯಿತ್ತು. ಮಾರ್ಚಿ ತಿಂಗಳಲ್ಲಿ ಆ ಅಂಕಣಕ್ಕೆ ಬರೆಯಲು ಏನೂ ಇರಲಿಲ್ಲ. ಆಷಾಢದ ಹೊತ್ತಿಗೆ ಬರೆಯಲು ಬೇಕಾದಷ್ಟು ಇತ್ತು.

ಜವಾನನ ಅಲಕ್ಷ್ಯದಿಂದ ಹೊರಟ ವಿಚಾರಣೆ ಐದು ಹೆಜ್ಜೆಯಲ್ಲಿ ಒಂದು ಅಚ್ಚಿನ ಕಾಗದಕ್ಕೆ ಬಂದು ನಿಂತಿತು. ಸಂಸ್ಥೆಗಳಲ್ಲಿ ಬಹುಮಟ್ಟಿಗೆ ಹೀಗೆಯೇ ಆಗುವುದು. ಮೊದಲ ಎರಡು ಪ್ರಶ್ನೆಗಳಿಗೆ ಯಾರೋ ಒಬ್ಬ ಬಡಪಾಯಿ ಉತ್ತರವಾಗಿ ಸಿಕ್ಕುತ್ತಾನೆ. ಅಲ್ಲಿಗೇ ನಿಲ್ಲಿಸಿದರೆ ಎಲ್ಲರಿಗೂ ಸಮಾಧಾನ. ಮುಂದೆ ಹೋದರೆ ಪ್ರಶ್ನೆ ಮನುಷ್ಯನನ್ನು ಬಿಟ್ಟು ಪದ್ಧತಿಯ ಕಡೆಗೆ ತಿರುಗುತ್ತದೆ. ಪದ್ಧತಿಯನ್ನು ಮಾಡಿದವರ ಕಡೆಗೂ ತಿರುಗುತ್ತದೆ. ಆದ್ದರಿಂದಲೇ ಮೂರನೆಯ “ಏಕೆ”ಯನ್ನು ಕೇಳಲು ಜಾಣತನಕ್ಕಿಂತ ಹೆಚ್ಚಾಗಿ ಧೈರ್ಯ ಬೇಕು.

ಧೈರ್ಯದಿಂದ ಕೇಳಿಕೊಂಡ ಸರ್ಕಾರವೊಂದರ ನಿದರ್ಶನ ಒಡಿಶಾದಲ್ಲಿದೆ. ೧೯೯೯ರ ಅಕ್ಟೋಬರ್ ೨೯ರಂದು ಅಲ್ಲಿನ ಕರಾವಳಿಯ ಮೇಲೆ ಎರಗಿದ ಮಹಾ ಚಂಡಮಾರುತಕ್ಕೆ ಸುಮಾರು ೧೦,೦೦೦ ಜನ ಬಲಿಯಾದರು. ಬಿರುಗಾಳಿ ಬರುತ್ತಿದೆಯೆಂಬ ಸುದ್ದಿ ಮೊದಲೇ ಇತ್ತು. ಆದರೆ ಸುದ್ದಿಯಿಂದ ಗುಡಿಸಲಿನ ಬಾಗಿಲವರೆಗೆ ದಾರಿಯಿರಲಿಲ್ಲ, ಗುಡಿಸಲಿನಿಂದ ಗಟ್ಟಿ ಸೂರಿನವರೆಗೂ ದಾರಿಯಿರಲಿಲ್ಲ. ಆ ವರ್ಷ ಮುಗಿಯುವುದರೊಳಗೆ, ವಿಪತ್ತಿನ ವಿಚಾರವನ್ನೇ ನೋಡಿಕೊಳ್ಳತಕ್ಕ ಒಂದು ಪ್ರತ್ಯೇಕ ಪ್ರಾಧಿಕಾರವನ್ನು ರಾಜ್ಯ ಸ್ಥಾಪಿಸಿತು. ಕರಾವಳಿಯ ಉದ್ದಕ್ಕೂ ಕಂಬಗಳ ಮೇಲೆ ನಿಂತ ನೂರಾರು ಆಶ್ರಯಗೃಹಗಳು ಎದ್ದವು. ಹಳ್ಳಿಗಳ ತರುಣ ತರುಣಿಯರಿಗೆ ತರಬೇತಿ ನಡೆಯಿತು. ಯಾರ ಮನೆಯಲ್ಲಿ ಮುದುಕರಿದ್ದಾರೆ, ಯಾರ ಮನೆಯಲ್ಲಿ ಬಸುರಿಯಿದ್ದಾಳೆ ಎಂದು ಮೊದಲೇ ಗುರುತಿಸಿಡುವುದು, ಆಕಾಶ ತಿಳಿಯಾಗಿರುವಾಗಲೇ ಬಿರುಗಾಳಿ ಬಂದಂತೆ ನಟಿಸಿ ಓಡಾಡಿ ನೋಡುವುದು ರೂಢಿಯಾಯಿತು.

೨೦೧೩ರ ಅಕ್ಟೋಬರ್ ೧೨ರಂದು ಫೈಲಿನ್ ಎಂಬ ಪ್ರಚಂಡ ಚಂಡಮಾರುತ ಗೋಪಾಲಪುರದ ಬಳಿ ದಡ ಮುಟ್ಟುವ ಹೊತ್ತಿಗೆ ಸುಮಾರು ೧೦ ಲಕ್ಷ ಜನ ಮನೆ ಬಿಟ್ಟು ಸುರಕ್ಷಿತ ಸ್ಥಳ ಸೇರಿದ್ದರು. ಮನೆ, ಬೆಳೆ, ಮರಗಳ ಹಾನಿ ಅಪಾರವಾಯಿತು. ಪ್ರಾಣ ಕಳೆದುಕೊಂಡವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಹದಿನಾಲ್ಕು ವರ್ಷಗಳ ಅಂತರದಲ್ಲಿ ಗಾಳಿಯೇನೂ ಸಾಧುವಾಗಿರಲಿಲ್ಲ. ಬದಲಾದದ್ದು ಗಾಳಿಗೆ ಮುಂಚಿನ ದಿನಗಳು.

ಹಿಂದಿನ ಕನ್ನಡಿಗರಿಗೆ ಈ ವಿವೇಕ ಇತ್ತೆಂಬುದಕ್ಕೆ ಶಾಸನಗಳೇ ಸಾಕ್ಷಿ. ಕೆರೆ ಕಟ್ಟಿಸಿದ ಪುಣ್ಯವನ್ನು ಹಾಡುವ ಕಲ್ಲುಗಳಲ್ಲಿ ಅನೇಕ ಕಡೆ “ಬಿತ್ತುವಟ್ಟ” ಎಂಬ ಮಾತು ಬರುತ್ತದೆ. ಕೆರೆಯ ರಕ್ಷಣೆ ಮತ್ತು ದುರಸ್ತಿಗಾಗಿಯೇ ಬಿಟ್ಟುಕೊಟ್ಟ ಭೂಮಿ ಅಥವಾ ಬೆಳೆಯ ಪಾಲು ಅದು. ಏರಿ ಬಿರುಕು ಬಿಟ್ಟ ಮೇಲೆ ಹಣಕ್ಕಾಗಿ ಅಲೆಯುವ ಕಷ್ಟ ಬಾರದಂತೆ, ಕೆರೆ ತುಂಬಿ ಗದ್ದೆ ಬೆಳೆದಾಗಲೇ ಅದರ ಒಂದಂಶವನ್ನು ಕೆರೆಗೇ ಹಿಂತಿರುಗಿಸುವ ಏರ್ಪಾಡು. ತೂಬನ್ನೂ ಕೋಡಿಯನ್ನೂ ನೋಡಿಕೊಳ್ಳಲು ಊರಿಗೊಬ್ಬ ನೀರಗಂಟಿ ಇದ್ದನು. ಇಂದಿನ ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ೧೩೬೯ರ ಶಾಸನವಂತೂ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬರಬಾರದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು ಆ ದೋಷಗಳಲ್ಲಿ ಒಂದು. ದೋಷ ತಲೆದೋರುವ ಮೊದಲೇ ಅದಕ್ಕೆ ಹೆಸರಿಟ್ಟು ಕಲ್ಲಿನಲ್ಲಿ ಕೆತ್ತಿಟ್ಟವರು “ಸಂಭವಿಸಿದ ನಷ್ಟದ ವಿವರ” ಕೇಳುವ ಜನವಲ್ಲ.

ಅಂಥ ನಾಡಿನಲ್ಲಿಯೂ ಮರೆವು ಬಂದಿತು. ಬೆಂಗಳೂರಿನ ಕೆರೆಗಳನ್ನು ಉಳಿಸಿಕೊಳ್ಳಬೇಕೆಂದು ಲಕ್ಷ್ಮಣ ರಾವ್ ಸಮಿತಿ ೧೯೮೦ರ ದಶಕದಲ್ಲಿಯೇ ವರದಿ ಕೊಟ್ಟಿತ್ತು. ಆಮೇಲೂ ಕೆರೆಯಿಂದ ಕೆರೆಗೆ ನೀರೊಯ್ಯುವ ರಾಜಕಾಲುವೆಗಳು ಅನೇಕ ಕಡೆ ಕಟ್ಟಡಗಳ ಕೆಳಗೆ ಮಾಯವಾದವು. ೨೦೨೨ರ ಸೆಪ್ಟೆಂಬರ್ ಮೊದಲ ವಾರ ಸುರಿದ ಮಳೆಗೆ ನಗರದ ಪೂರ್ವಭಾಗದ ಬಡಾವಣೆಗಳಿಗೆ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ಅದೇ ತಿಂಗಳಲ್ಲಿ ಕಾಲುವೆಗಳ ಮೇಲಿನ ಒತ್ತುವರಿಯನ್ನು ಯಂತ್ರಗಳಿಂದ ಕೆಡಹುವ ದೃಶ್ಯ ಎಲ್ಲರ ಕಣ್ಣಿಗೂ ಬಿತ್ತು. ಗುಮಾಸ್ತರ ಟಿಪ್ಪಣಿಗೂ ಸಮಿತಿಯ ವರದಿಗೂ ಆದ ಗತಿಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದು. ವಿಶ್ವೇಶ್ವರಯ್ಯನವರ ಎರಡು ಜಲಾಶಯಗಳು ಇಂದಿಗೂ ನಿಂತಿರುವ ಹೈದರಾಬಾದಿನಲ್ಲಿಯೂ, ನಗರದೊಳಗಿನ ಕೆರೆಗಳೂ ನಾಲೆಗಳೂ ಕಿರಿದಾದ ಮೇಲೆ, ೨೦೨೦ರ ಅಕ್ಟೋಬರಿನ ಮಳೆಯಲ್ಲಿ ಬೀದಿಗಳು ಹೊಳೆಯಾದವು. ಒಬ್ಬರು ಮಾಡಿಟ್ಟ ಮುಂದಾಲೋಚನೆಯನ್ನು ಇನ್ನೊಂದು ತಲೆಮಾರು ಕುಳಿತು ಉಣ್ಣಲು ಬರುವುದಿಲ್ಲ. ಭರಣಿಯ ಹುಣಿಸೆಹಣ್ಣಿನಂತೆ ಅದನ್ನು ಪ್ರತಿ ಬೇಸಗೆಯಲ್ಲಿಯೂ ಹೊಸದಾಗಿ ತುಂಬಬೇಕು.

ಎಲ್ಲವನ್ನೂ ಮುಂದಾಗಿ ಕಾಣಲು ಸಾಧ್ಯವೆ ಎಂದು ಕೇಳಬಹುದು. ಸಾಧ್ಯವಿಲ್ಲ. ಬೆಂಕಿ ಆರಿಸುವವರು ಎಂದೆಂದಿಗೂ ಬೇಕು. ಅಪರಾತ್ರಿಯಲ್ಲಿ ಹೆಗಲು ಕೊಡುವ ಅಧಿಕಾರಿಯ ಗೌರವಕ್ಕೆ ಕುಂದು ತರಲಾಗದು. ಮುಂದಾಲೋಚನೆಯ ಹೆಸರಿನಲ್ಲಿ ದಪ್ಪ ದಪ್ಪ ಯೋಜನೆಗಳನ್ನು ಬರೆದು, ಅವನ್ನೂ ಸೋರುವ ಬೀರುವಿನಲ್ಲಿ ಇಡುವವರೂ ಉಂಟು. ಆದರೆ ವರ್ಷವರ್ಷವೂ ಅದೇ ತಿಂಗಳಲ್ಲಿ, ಅದೇ ಮೂಲೆಯಲ್ಲಿ, ನೆಲದ ಮೇಲೆ ತುಕ್ಕಿನ ಗುರುತು ಬಿಡುವಷ್ಟು ನಿಯಮವಾಗಿ ಬರುವ ಕಷ್ಟವನ್ನು ಆಕಸ್ಮಿಕವೆನ್ನುವುದು ಹೇಗೆ? ಅದು ಅತಿಥಿಯಲ್ಲ, ತಿಥಿ ಹೇಳಿಕೊಂಡೇ ಬರುವ ನೆಂಟ.

ಹೆಂಚಿನ ಕಚೇರಿಯ ಆ ಅಧಿಕಾರಿಣಿಗೆ ರಾಜ್ಯದ ನಮೂನೆಗಳನ್ನು ತಿದ್ದುವ ಅಧಿಕಾರವಿರಲಿಲ್ಲ. ತಮ್ಮ ಕೈಯಲ್ಲಿದ್ದಷ್ಟನ್ನು ಅವರು ಮಾಡಿದರು. ನಾಲ್ಕನೆಯ ಅಂಕಣವನ್ನು ಕುರಿತು ಮೇಲಕ್ಕೆ ಒಂದು ಪತ್ರ ಬರೆದರು. ಉತ್ತರವನ್ನು ಕಾಯದೆ, ಪ್ರತಿ ವರ್ಷ ಯುಗಾದಿ ಕಳೆದ ವಾರ ಗುಮಾಸ್ತರೂ ಜವಾನನೂ ಕೂಡಿ ಮಾಡನ್ನು ಪರೀಕ್ಷಿಸಿ ಸಹಿ ಹಾಕತಕ್ಕದ್ದೆಂದು ಗೊತ್ತುಮಾಡಿದರು. ಸಾದಿಲ್ವಾರು ಬಾಬಿನಿಂದ ಒಂದು ಸಣ್ಣ ಮೊತ್ತವನ್ನು ಅದಕ್ಕೆಂದೇ ತೆಗೆದಿರಿಸಿದರು. ಅದು ಆ ಕಚೇರಿಯ ಬಿತ್ತುವಟ್ಟ. ಜವಾನನಿಗೆ ಕೊಟ್ಟಿದ್ದ ನೋಟೀಸನ್ನು ಹಿಂದಕ್ಕೆ ಪಡೆದರು. ಖಜಾನೆಯಲ್ಲಿದ್ದ ಹಳೆಯ ಸಂಬಳದ ಬಿಲ್ಲುಗಳನ್ನು ಒಂದೊಂದಾಗಿ ತೆಗೆಸಿ, ಹಾಳಾದ ಸೇವಾಪುಸ್ತಕವನ್ನು ಹೊಸದಾಗಿ ಬರೆಸಿದರು. ಹದಿನಾಲ್ಕನೆಯ ತಿಂಗಳಲ್ಲಿ ಪಿಂಚಣಿ ಮಂಜೂರಾಯಿತು. ಬಳೆಗಳು ಮನೆಗೆ ಮರಳಿದವು. ಮಗಳು ಮತ್ತೆ ಕಾಲೇಜಿಗೆ ಹೋದಳು, ತನಗಿಂತ ಕಿರಿಯರ ಜೊತೆಯಲ್ಲಿ ಕುಳಿತು. ಆ ಕಳೆದುಹೋದ ಒಂದು ವರ್ಷವನ್ನು ಮಾತ್ರ ಯಾವ ಖಜಾನೆಯಿಂದಲೂ ತೆಗೆಸಿಕೊಡಲು ಸಾಧ್ಯವಾಗಲಿಲ್ಲ.

ಮರುವರ್ಷದ ಆರಿದ್ರಾ ಮಳೆಯೂ ಅಪರಾತ್ರಿಯಲ್ಲಿಯೇ ಹುಯ್ದಿತು. ಯಾರೂ ಓಡಿಬರಲಿಲ್ಲ. ಪತ್ರಿಕೆಯಲ್ಲಿ ಏನೂ ಅಚ್ಚಾಗಲಿಲ್ಲ. ಬೆಳಗ್ಗೆ ಅಧಿಕಾರಿಣಿ ಬಂದವರು ನೇರವಾಗಿ ಗುಮಾಸ್ತರ ಮೇಜಿನ ಬಳಿ ನಿಂತು, “ರಾತ್ರಿ ಮಳೆ ಜೋರಾಗಿತ್ತಲ್ಲ ರಾಯರೇ, ದಾಖಲೆ ಕೊಠಡಿ ಹೇಗಿದೆ?” ಎಂದು ಎಲ್ಲರೂ ಕೇಳುವಂತೆ ವಿಚಾರಿಸಿದರು.

“ಏನೂ ಆಗಿಲ್ಲ ಮೇಡಂ” ಎಂದರು ಗುಮಾಸ್ತರು.

“ಅದಕ್ಕೇ ಕೇಳಿದ್ದು” ಎಂದು ಅವರು ನಕ್ಕು ಒಳಗೆ ಹೋದರು. ಆ ಕಚೇರಿಯಲ್ಲಿ ಏನೂ ಆಗದಿದ್ದುದಕ್ಕಾಗಿ ಒಬ್ಬ ಮನುಷ್ಯನಿಗೆ ಮನ್ನಣೆ ದೊರೆತದ್ದು ಅದೇ ಮೊದಲು. ಹೊರಗೆ ಜವಾನನು ನಾಲ್ಕು ಬಕೆಟ್ಟುಗಳಲ್ಲಿ ಒಂದನ್ನು ಎತ್ತಿಕೊಂಡು ಅಂಗಳದ ದಾಸವಾಳದ ಗಿಡಗಳ ಕಡೆಗೆ ನಡೆದಿದ್ದನು. ರಾತ್ರಿಯೆಲ್ಲ ಮಳೆ ಬಂದಿದೆ, ಗಿಡಕ್ಕೆ ನೀರೇಕೆ ಎಂದು ಯಾರೋ ನಕ್ಕರು. ಬಕೆಟ್ಟಿನಲ್ಲಿ ಇದ್ದದ್ದು ನೀರಲ್ಲ, ಮಳೆ ಬಿಟ್ಟ ಮೇಲೆ ನೆಡಲೆಂದು ಅವನು ತಂದಿದ್ದ ಹೊಸ ಸಸಿ.